ಮಲಪ್ರಭೆಯ ಬೂದಿ ಮತ್ತು ಐದು ನಿಮಿಷದ ಹಲಗಿ

ಕಳೆದ ಭಾನುವಾರ ಬೆಳಿಗ್ಗೆ ನಾನು ಹಲ್ಲುಜ್ಜಿ ಬಾಯಿ ಮುಕ್ಕಳಿಸುವಷ್ಟರಲ್ಲಿ ಬಾಗಿಲಲ್ಲಿ ಈರಣ್ಣ ನಿಂತಿದ್ದ. ಬಿಳಿ ಅಂಗಿ, ಬಿಳಿ ಪ್ಯಾಂಟು, ಕೈಯಲ್ಲಿ ಅರ್ಧ ಕಿಲೋ ಬೆಳಗಾವಿ ಕುಂದಾ.

ಬಿಳಿ ಅಂಗಿ ಹಾಕಿದವನು ಬೆಳಿಗ್ಗೆ ಏಳಕ್ಕೆ ಸಿಹಿ ಹಿಡಿದು ಬಂದರೆ ಅರ್ಥ ಏನು? ಒಂದೋ ಅವನ ಮನೆಯಲ್ಲಿ ಕೂಸು ಹುಟ್ಟಿರಬೇಕು, ಇಲ್ಲವೇ ಪುರಸಭೆ ಚುನಾವಣೆ ಬಂದಿರಬೇಕು. ಈರಣ್ಣನಿಗೆ ಇನ್ನೂ ಮದುವೆಯಾಗಿಲ್ಲ.

"ಅಣ್ಣಾರ, ನಮ್ಮ ಬ್ಯಾಂಡಿನ ಕರಿಯರ್ ಮ್ಯಾಲೆ ಒಂದ್ ಕಾಲಂ ಬರದಬಿಡ್ರಿ," ಅಂದ. "ಉತ್ತರ ಕರ್ನಾಟಕದ ಮೊದಲನೇ ಮೆಟಲ್‌ಕೋರ್ ಬ್ಯಾಂಡ್ ಅಂತ ಹೆಡ್ಡಿಂಗ್ ಕೊಡ್ರಿ. ಕಟಿಂಗ್ ತಗದು ಜೆರಾಕ್ಸ್ ಮಾಡ್ಸಿ ಮನಿಮನಿಗೆ ಹಂಚತೇನಿ."

"ಪೂರಾ ಬರೀಲೇನು?"

"ಪೂರಾ ಬರೀರಿ. ಶುರುವಿನಿಂದ ಕಡೀತನಕ!"

ನೋಡಿ, ಕೇಳಿಯೇ ಬರೆಯುತ್ತಿದ್ದೇನೆ. ನಾಳೆ ಯಾರೂ ಬಂದು ನನ್ನ ಕೊರಳಪಟ್ಟಿ ಹಿಡಿಯಬೇಡಿ.

ಹೊರಡುವಾಗ ಈರಣ್ಣ ತನ್ನ ಪ್ರಚಾರದ ಪಾಂಪ್ಲೆಟ್ಟೊಂದನ್ನು ನನ್ನ ಜೇಬಿಗೆ ತುರುಕಿ, ಚಪ್ಪಲಿ ಮೆಟ್ಟುತ್ತ ಇನ್ನೊಂದು ಮಾತು ಸೇರಿಸಿದ. (ಅಸಲು ಕೆಲಸ ಯಾವಾಗಲೂ ಚಪ್ಪಲಿ ಮೆಟ್ಟುವಾಗಲೇ ಬರುತ್ತದೆ.) "ಮತ್ತ ಅಣ್ಣಾರ, ಸಿದ್ದೂಗ ಒಂದ್ ಮಾತ ಹೇಳ್ರಿ. ಪ್ರಚಾರದ ದಿನಾ ಬಂದು ನನ್ನ ಬಾಜೂಕ ನಿಂತ್ರ ಸಾಕು. ನಮ್ಮ ವಾರ್ಡಿನ್ಯಾಗ ಅವರ ಕೇರಿ ಓಟ ಭಾಳ ಅದಾವ. ನಾ ಕರದ್ರ ಬರಂಗಿಲ್ಲ ಅಂವ. ನೀವ್ ಹೇಳಿದ್ರ ಕೇಳ್ತಾನ."

ಸಿದ್ದು ಅಂದರೆ ಸಿದ್ಧಾರ್ಥ. ಬ್ಯಾಂಡಿನ ಡ್ರಮ್ಮರ್. ಆಗಿದ್ದವನು. ಈಗ ಸವದತ್ತಿಯಲ್ಲಿ ಪಂಪ್‌ಸೆಟ್ ಮೋಟಾರುಗಳ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಅವನು ಈರಣ್ಣನ ಬಾಜೂಕ ಯಾಕೆ ನಿಲ್ಲುವುದಿಲ್ಲ ಅನ್ನುವುದೇ ಈ ಬ್ಯಾಂಡಿನ ಪೂರಾ ಕರಿಯರ್ರು. ಉಳಿದದ್ದೆಲ್ಲ ಬರೀ ಗದ್ದಲ.

ಗದ್ದಲದಿಂದಲೇ ಶುರು ಮಾಡೋಣ.

ಬೈಲಹೊಂಗಲದಲ್ಲಿ ನಮ್ಮ ಕಾಕಾನದೊಂದು ಹತ್ತಿ ಜಿನ್ನಿಂಗ್ ಮಿಲ್ಲಿದೆ. ಸೀಜನ್ನು ಮುಗಿಯಿತೆಂದರೆ ಗೋದಾಮು ಖಾಲಿ, ಕೀಲಿ ನನ್ನ ಜೇಬಿನಲ್ಲಿ. ಐದಾರು ವರ್ಷದ ಹಿಂದೆ ಒಂದು ಮಳೆಗಾಲದಲ್ಲಿ ಐದು ಹುಡುಗರು ಬಂದು ಆ ಕೀಲಿ ಕೇಳಿದರು. ಪ್ರ್ಯಾಕ್ಟೀಸಿಗೆ ಜಾಗ ಬೇಕಂತೆ. ಮನೆಯಲ್ಲಿ ಬಾರಿಸಿದರೆ ಅಪ್ಪ ಬಡಿಯುತ್ತಾನಂತೆ, ಹೊಲದಲ್ಲಿ ಬಾರಿಸಿದರೆ ಎತ್ತು ಬೆದರುತ್ತವಂತೆ.

ಕೊಟ್ಟೆ. ನನಗೂ ಆಗ ಮಾಡಲು ಕೆಲಸ ಇರಲಿಲ್ಲ. ಇವರ ಮ್ಯಾನೇಜರ್ ಅಂತ ನಾನೇ ನನಗೆ ಒಂದು ಪದವಿ ಕೊಟ್ಟುಕೊಂಡೆ. (ಬಿರುದು ಯಾರೂ ಕೊಡದಿದ್ದರೆ ತಾನೇ ತಗೊಳ್ಳುವುದು ನಮ್ಮ ಜಿಲ್ಲೆಯ ಹಳೆಯ ಪದ್ಧತಿ.)

ಮಾರದೆ ಉಳಿದ ಒಂದಿಷ್ಟು ಹತ್ತಿಯ ಅಂಡಿಗೆಗಳನ್ನು ಗೋದಾಮಿನ ಗೋಡೆಗೆ ಒಟ್ಟಿದ್ದರು. ಎಷ್ಟು ಒದರಿದರೂ ಸಪ್ಪಳ ಹೊರಗೆ ಹೋಗುವುದಿಲ್ಲ. ಅಂಥ ಸ್ಟುಡಿಯೋ ಬೆಂಗಳೂರಲ್ಲೂ ಸಿಕ್ಕುವುದಿಲ್ಲ ಎಂದು ಈರಣ್ಣ ಹೇಳುತ್ತಿದ್ದ. ಬೆಂಗಳೂರನ್ನು ಅವನು ಆಗಿನ್ನೂ ನೋಡಿರಲಿಲ್ಲ.

ಮೆಟಲ್‌ಕೋರ್ ಅಂದರೆ ಏನು ಅಂತ ಕೇಳುತ್ತೀರಾ? ಸೈಬರ್ ಕೆಫೆಯಲ್ಲಿ ಕೂತು ಇಳಿಸಿಕೊಂಡ ಒಂದು ಎಂಪಿತ್ರೀ ಸೀಡಿಯನ್ನು ನನಗೂ ಕೇಳಿಸಿದ್ದರು. ಅರ್ಧ ಹಾಡು ಬೊಬ್ಬೆ, ಅರ್ಧ ಹಾಡು ಅಳು. ನಡುವೆ ಒಂದು ಕಡೆ ಎಲ್ಲರೂ ಗಕ್ಕನೆ ನಿಂತು, ಆಮೇಲೆ ಕೂಡಿಯೇ ಧಡ್ ಧಡ್ ಅಂತ ಬಡಿಯುತ್ತಾರೆ. ಅದಕ್ಕೆ ಬ್ರೇಕ್‌ಡೌನ್ ಅನ್ನುತ್ತಾರಂತೆ. ನಮ್ಮ ಕಡೆ ಬಸ್ಸಿಗಾಗುವುದು ಅವರ ಕಡೆ ಹಾಡಿಗಾಗುತ್ತದೆ, ಅಷ್ಟೇ ಫರಕು.

ಬ್ಯಾಂಡಿಗೆ ಹೆಸರಿಟ್ಟರು: ಆಶಸ್ ಆಫ್ ಮಲಪ್ರಭಾ. ಮಲಪ್ರಭೆಯ ಬೂದಿ! ಹೊಳೆಗೆ ಬೂದಿ ಎಲ್ಲಿಂದ ಬರಬೇಕು? "ಅದು ಸಿಂಬಾಲಿಕ್ರಿ ಅಣ್ಣಾರ," ಅಂದ ಈರಣ್ಣ. ಗೊತ್ತಿಲ್ಲದ್ದೆಲ್ಲ ಸಿಂಬಾಲಿಕ್ಕು.

ಹಾಡು ಬರೆಯುವವನೂ ಅವನೇ, ಒದರುವವನೂ ಅವನೇ. ಬಿ.ಕಾಂ. ಓದುತ್ತಿದ್ದ. ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ಇಂಗ್ಲಿಷಿನಲ್ಲಿ ಹಾಡು ಕಟ್ಟುತ್ತಿದ್ದ. ಎಲ್ಲ ಹಾಡಿನದೂ ಒಂದೇ ತಿರುಳು. ಸಮಾಜ ಕೊಳೆತಿದೆ. ಸರಪಳಿ ಹರಿಯಿರಿ. ಸಿಂಹಾಸನ ಸುಡಿರಿ. ಹಾಡಿದ್ದೇ ಹಾಡೋ ಕಿಸಬಾಯಿದಾಸ. ಸರಪಳಿ ಹರಿಯಿರಿ ಎಂದು ಒದರುವಾಗ ಕೊರಳಿಗೆ ಹಾಕಿಕೊಳ್ಳಲು ಸವದತ್ತಿ ಸಂತೆಯಿಂದ ಐದು ಸರಪಳಿ ತಂದಿದ್ದರು. ದನಕ್ಕೆ ಕಟ್ಟುವವು. ಸಿದ್ದು ಒಬ್ಬನೇ ಹಾಕಿಕೊಳ್ಳಲಿಲ್ಲ. ಬಾರಿಸುವಾಗ ಗದ್ದಕ್ಕೆ ಬಡಿಯುತ್ತದೆ ಅಂದ.

ಅವನ ಬಗ್ಗೆ ಸ್ವಲ್ಪ ಹೇಳಬೇಕು. ಇಲ್ಲಿ ನಾನು ನಗೆಯಾಡುವುದಿಲ್ಲ.

ಸಿದ್ದೂನ ಅಪ್ಪ ಯಲ್ಲಪ್ಪ. ನಮ್ಮ ಓಣಿಯಲ್ಲಿ ಮೀಸೆ ಮೂಡದ ಹುಡುಗರೂ ಅವನನ್ನು 'ಯಲ್ಲ್ಯಾ' ಅಂತಲೇ ಕರೆಯುತ್ತಿದ್ದರು. (ನಾನೂ.) ಊರಲ್ಲಿ ಯಾರಾದರೂ ಸತ್ತರೆ, ಸಾಹೇಬರು ಬಂದರೆ, ಮದುವೆ ಮೆರವಣಿಗೆ ಹೊರಟರೆ ಯಲ್ಲಪ್ಪ ಹಲಗಿ ಹಿಡಿದು ಎಲ್ಲರಿಗಿಂತ ಮುಂದೆ ಬಾರಿಸುತ್ತ ನಡೆಯಬೇಕು. ಅವರಪ್ಪ ನಡೆದಿದ್ದ, ಅವರಜ್ಜ ನಡೆದಿದ್ದ. ಎಲ್ಲರಿಗಿಂತ ಮುಂದೆ ನಡೆದವರು ಊಟಕ್ಕೆ ಮಾತ್ರ ಎಲ್ಲರಿಗಿಂತ ಹಿಂದೆ.

ನಾನು ಹೈಸ್ಕೂಲಿನಲ್ಲಿದ್ದಾಗ, ಅಂದರೆ ತೊಂಬತ್ತರ ದಶಕದ ಶುರುವಿನಲ್ಲಿ, ಯಲ್ಲಪ್ಪ ಒಂದು ದಿನ ಹಿರಿಯರು ಕೂಡುವ ಕಟ್ಟೆಗೆ ಹಲಗಿ ತಂದು ಇಟ್ಟ. ಮನೆಯ ಗೋಡೆಗೆ ಆಗಷ್ಟೇ ಬುದ್ಧನ ಫೋಟೊ ಬಂದಿತ್ತು. "ಇನ್ನ ಮ್ಯಾಲೆ ನಮ್ಮ ಮನ್ಯಾಗಿಂದ ಯಾರೂ ಇದನ್ನ ಬಾರಸೂದಿಲ್ರಿ," ಅಂದ. "ಬೇಕಾದವರು ಕಲೀರಿ."

ಕಲಿಯುತ್ತಾರೆಯೇ? ಕಲಿಸಲು ಹೊರಟರು, ಯಲ್ಲಪ್ಪನಿಗೆ ಪಾಠ. ಹಿಟ್ಟಿನ ಗಿರಣಿಯವನ ಬೆಲ್ಟು ಎರಡು ತಿಂಗಳು ಹರಿದೇ ಇತ್ತು, ಯಲ್ಲಪ್ಪನ ಜೋಳಕ್ಕೆ ಮಾತ್ರ. ನಮ್ಮ ಕಾಕಾ ಮಿಲ್ಲಿನ ಹಮಾಲಿಗೆ ಕರೆಯುವುದನ್ನು ನಿಲ್ಲಿಸಿದ. ಯಲ್ಲಪ್ಪ ಎಂ.ಕೆ. ಹುಬ್ಬಳ್ಳಿ ಕಡೆ ಕಬ್ಬು ಕಡಿಯಲು ಹೋದ. ಕೊನೆಗೆ ಬಸ್ ಡಿಪೋದಲ್ಲಿ ಹೆಲ್ಪರ್ ಕೆಲಸ ಹಿಡಿದ. ಹಲಗಿಯನ್ನಂತೂ ಮತ್ತೆ ಮುಟ್ಟಲಿಲ್ಲ.

ಅಂಥವನ ಮಗ ಡ್ರಮ್ಸ್ ಕಲಿಯುತ್ತೇನೆ ಅಂದಾಗ ಮನೆಯಲ್ಲಿ ಏನಾಗಿರಬೇಡ! ಸಿದ್ದು ಅದನ್ನು ಒಮ್ಮೆ ಗೋದಾಮಿನಲ್ಲಿ ಚಹಾ ಕುಡಿಯುತ್ತ ನನಗೆ ಹೇಳಿದ್ದ. ಅಪ್ಪ ಒಂದೇ ಪ್ರಶ್ನೆ ಕೇಳಿದನಂತೆ.

"ಅದನ್ನ ಕುಂತ ಬಾರಸೂದೋ, ನಿಂತ ಬಾರಸೂದೋ?"

"ಕುಂತ ಬಾರಸೂದಪಾ. ಸ್ಟೂಲ್ ಇರತೈತಿ."

"ಹಂಗಾರ ಬಾರಸು."

ಅಷ್ಟೇ. ಆ ಮನೆಯಲ್ಲಿ ಆದ ಕರಾರು ಇಷ್ಟು. ಕುಂತು ಬಾರಿಸಬೇಕು. ಎದ್ದು ಯಾರ ಮುಂದೂ ನಡೆಯಬಾರದು.

ಸಿದ್ದು ಕುಂತು ಬಾರಿಸಿದ. ಏನು ಬಾರಿಸಿದ ಅಂತೀರಿ! ನನಗೆ ಮೆಟಲ್‌ಕೋರಿನ ಗಂಧಗಾಳಿ ಇಲ್ಲ. ಆದರೂ ಉಳಿದ ನಾಲ್ವರು ಎಲ್ಲಿಗೋ ಓಡುತ್ತಿರುವಾಗ ಅವನೊಬ್ಬನೇ ಎಲ್ಲರ ಕಾಲು ನೆಲಕ್ಕೆ ತರುತ್ತಿದ್ದ ಅನ್ನುವುದು ನನ್ನಂಥ ಕಿವುಡನಿಗೂ ತಿಳಿಯುತ್ತಿತ್ತು. ಡ್ರಮ್ ಸೆಟ್ಟೂ ಅವನದೇ. ಬಿಡಿಬಿಡಿಯಾಗಿ, ಹಳೆಯದು ಹೊಸದು ಕೂಡಿಸಿ, ಮೂರು ವರ್ಷ ಸವದತ್ತಿಯಲ್ಲಿ ಮೋಟಾರ್ ಕೆಲಸ ಮಾಡಿ ಕಟ್ಟಿಕೊಂಡಿದ್ದ.

ಈರಣ್ಣ ಅವನನ್ನು ಎಲ್ಲರಿಗೂ ಪರಿಚಯಿಸುತ್ತಿದ್ದ ರೀತಿ ಒಂದೇ. "ಇಂವ ನಮ್ಮ ಸಿದ್ದು. ತಾಳ ಇವನ ರಕ್ತದಾಗ ಐತಿ."

ಸಿದ್ದೂನ ರಕ್ತದಲ್ಲಿ ಇರುವುದು ಈರಣ್ಣನಿಗೆ ಹೇಗೆ ಗೊತ್ತು? ಮೂರು ವರ್ಷದ ಅವನ ದುಡಿತ, ಬೊಬ್ಬೆ ಎದ್ದ ಬೆರಳು ಯಾಕೆ ಕಾಣಲಿಲ್ಲ? ಆದರೆ ಆಗ ಆ ಮಾತು ನನಗೂ ಹೊಗಳಿಕೆಯಂತೆಯೇ ಕೇಳಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಕಾರ್ಯಕ್ರಮಗಳು ಶುರುವಾದವು. ಸವದತ್ತಿ ಕಡೆಯ ಒಂದು ಕಾಲೇಜಿನ ಗ್ಯಾದರಿಂಗಿನಲ್ಲಿ ಈರಣ್ಣ ಮೊದಲ ಸಲ ಒದರಿದಾಗ ಯಾರಿಗೋ ಕರೆಂಟು ಹೊಡೆಯಿತೆಂದು ಪ್ರಿನ್ಸಿಪಾಲರು ಮೇನ್ ಸ್ವಿಚ್ಚು ಆರಿಸಿಬಿಟ್ಟರು. ರಾಮದುರ್ಗದಲ್ಲಿ ಗಣಪತಿ ಪೆಂಡಾಲಿನಲ್ಲಿ ಎರಡನೇ ಹಾಡು ಮುಗಿಯುವ ಮೊದಲೇ ಒಬ್ಬ ಮುದುಕಿ ವೇದಿಕೆ ಹತ್ತಿ, ಒಣಮೆಣಸಿನಕಾಯಿ ಉಪ್ಪು ಹಿಡಿದು, ಈರಣ್ಣನ ಮುಖಕ್ಕೆ ಮೂರು ಸಲ ನಿವಾಳಿಸಿದಳು. "ಹಡದಾಕಿ ಎಲ್ಲಿದ್ದಾಳೋ ಏನೋ ಪಾಪ, ಹುಡುಗಗ ಏನೋ ಬಡದೈತಿ," ಅಂದಳು. ಸಿರಸಂಗಿಯಲ್ಲಿ ಕೇಳಲು ಹನ್ನೊಂದು ಜನ ಇದ್ದರು. ಅದರಲ್ಲಿ ಮೂವರು ಪೆಂಡಾಲಿನವರು, ಬಿಚ್ಚಲು ಕಾಯುತ್ತಿದ್ದವರು.

"ಮಂದೀಗ ಟೇಸ್ಟ್ ಇಲ್ರಿ," ಅನ್ನುತ್ತಿದ್ದ ಈರಣ್ಣ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಆದರೂ ಹುಡುಗರು ಬಿಡಲಿಲ್ಲ. ಪುಣೆಯಲ್ಲಿ ಏನೋ ಬ್ಯಾಂಡುಗಳ ಸ್ಪರ್ಧೆ ಇದೆಯಂತೆ, ವೇದಿಕೆಯ ಮೇಲೆ ಬಾರಿಸಿದ ವೀಡಿಯೊ ಸೀಡಿ ಕಳಿಸಬೇಕಂತೆ. ಸೀಡಿ ಮಾಡಲು ಕ್ಯಾಮರಾ ಬೇಕು. ಕ್ಯಾಮರಾ ತರಿಸುವ ತಾಕತ್ತು ಇದ್ದದ್ದು ಕಿತ್ತೂರಿನ ಆಚೆಯ ಒಂದು ಊರಿನ ಗೌಡರಿಗೆ. ಅವರ ಯುವಕ ಮಂಡಳದ ಉದ್ಘಾಟನೆ. ಬೆಳಗಾವಿಯಿಂದ ದೊಡ್ಡ ಅತಿಥಿ ಬರುವವರಿದ್ದರು, ಅವರಿಗಾಗಿ ಕ್ಯಾಮರಾ. ನಡುವೆ ನಮ್ಮವರಿಗೂ ಹದಿನೈದು ನಿಮಿಷ. ನಾನೇ ಓಡಾಡಿ ಗೊತ್ತು ಮಾಡಿದ್ದೆ. ಮ್ಯಾನೇಜರ್ ಅಲ್ಲವೇ!

ಮಧ್ಯಾಹ್ನ ನಾಲ್ಕಕ್ಕೆ ಸಿದ್ದು ವೇದಿಕೆಯ ಮೇಲೆ ತನ್ನ ಸೆಟ್ಟು ಜೋಡಿಸಿ ಸ್ಟೂಲಿನ ಮೇಲೆ ಕೂತ. ನಾಲ್ಕೂವರೆಗೆ ಕರೆಂಟು ಹೋಯಿತು.

ಗಿಟಾರು ಮೂಕವಾದವು. ಈರಣ್ಣನ ಗಂಟಲು ಮೈಕಿಲ್ಲದೆ ನಾಲ್ಕನೇ ಸಾಲಿಗೂ ಮುಟ್ಟುವುದಿಲ್ಲ. ಅತಿಥಿಗಳ ಜೀಪು ಊರ ಅಗಸಿ ಬಾಗಿಲಿಗೆ ಬಂತೆಂದು ಸುದ್ದಿ. ಆಗ ಗೌಡರಿಗೆ ನೆನಪಾಯಿತು, ಅತಿಥಿಗಳನ್ನು ಅಗಸಿಯಿಂದ ಬಾರಿಸಿಕೊಂಡು ಕರೆತರಬೇಕಲ್ಲ, ಬಾರಿಸುವವರು ಎಲ್ಲಿ? ಹೇಳಿದ್ದ ಹಲಗಿಯವರು ಬಂದೇ ಇರಲಿಲ್ಲ. ಹಲಗಿ ಮಾತ್ರ ಚಾವಡಿಯ ಗೂಟಕ್ಕೆ ತೂಗುತ್ತಿತ್ತು.

ಗೌಡರು ಸಿಡಿಮಿಡಿ. ಅದೇ ಹೊತ್ತಿಗೆ ಈರಣ್ಣ ಹಲ್ಲು ಕಿಸಿದು ಮುಂದೆ ಬಂದ. ಎಲುಬಿಲ್ಲದ ನಾಲಿಗೆ!

"ನಮ್ಮ ಸಿದ್ದು ಅದಾನಲ್ರಿ ಗೌಡ್ರ. ತಾಳ ಅವನ ರಕ್ತದಾಗ ಐತ್ರಿ."

"ಯಾರ ಮಗಾ ಅಂವ?" ಅಂದರು ಗೌಡರು.

"ಬೈಲಹೊಂಗಲದ ಯಲ್ಲಪ್ಪನ ಮಗಾರಿ."

ಗೌಡರಿಗೆ ಅಷ್ಟು ಸಾಕಾಯಿತು. "ಹಂಗಾರ ಚಿಂತಿ ಯಾಕ? ಹಲಗಿ ಐತಿ, ಬಾರಸಾವಾ ಅದಾನ. ಐದ ನಿಮಿಷದ ಕೆಲಸ. ಬಾರಿಸಿಕೋತ ಅಗಸಿಯಿಂದ ಕರಕೊಂಡು ಬರಲಿ, ಆಮ್ಯಾಲೆ ನಿಮ್ಮ ಏನ್ ಗದ್ದಲ ಐತಿ ಮಾಡ್ಕೋರಿ. ಜನರೇಟರ್ ತರಸತೇನಿ. ಇಲ್ಲಂದ್ರ ಕ್ಯಾಮರಾನೂ ಇಲ್ಲ, ಪ್ರೋಗ್ರಾಮೂ ಇಲ್ಲ."

ನಾಲ್ವರು ಒಬ್ಬರ ಮುಖ ಒಬ್ಬರು ನೋಡಿದರು. ಸರಪಳಿ ಹರಿಯಿರಿ ಎಂದು ಎರಡು ವರ್ಷ ಒದರಿದ ನಾಲ್ವರು. ಕೊರಳಲ್ಲಿ ಸರಪಳಿ ಇತ್ತು. ಸಿಂಹಾಸನ ಸುಡುವುದಿರಲಿ, ಗೌಡರ ಪ್ಲಾಸ್ಟಿಕ್ ಕುರ್ಚಿಯ ಮುಂದೆ ಒಬ್ಬನಿಗೂ ಗಂಟಲು ಏಳಲಿಲ್ಲ.

ರಾಮದುರ್ಗದ ಮಂಜ್ಯಾ, ಗಿಟಾರ್ ಬಾರಿಸುವವನು, ಮೆಲ್ಲಗೆ ಅಂದ. "ಐದ ನಿಮಿಷ ಅಲ್ಲೇನಲೇ. ಬಾರಿಸ್ತಾನ ಬಿಡು."

"ಯಾರು ಹೇಳೂದ ಅವಗ?" ಅಂದ ಇನ್ನೊಬ್ಬ.

ಎಲ್ಲರೂ ನನ್ನ ಕಡೆ ನೋಡಿದರು. ನಾನು ವಯಸ್ಸಿನಲ್ಲಿ ಹಿರಿಯ. ಮಿಲ್ಲಿನ ಕೀಲಿ ಕೊಟ್ಟವನು. ಅವನು ಅಣ್ಣಾರ ಅಂತ ಗೌರವ ಕೊಡುವವನು.

ನಾನು ಹೋದೆ. ಯಾರೂ ನನ್ನನ್ನು ದೂಡಲಿಲ್ಲ. ಇದು ಬೇಡ ಗೌಡ್ರ ಅನ್ನುವ ಮಾತು ಬಾಯಿಯವರೆಗೂ ಬರಲಿಲ್ಲ, ಮನಸ್ಸಿಗೇ ಬರಲಿಲ್ಲ. ಪ್ರೋಗ್ರಾಂ ಉಳಿಸುವುದು ಹೇಗೆ ಅನ್ನುವುದೊಂದೇ ತಲೆಯಲ್ಲಿತ್ತು. ಆ ಮನೆಯ ಕರಾರು ನನಗೆ ಗೊತ್ತಿತ್ತು. ನನಗೇ ಗೊತ್ತಿತ್ತು, ಅವನೇ ಹೇಳಿದ್ದ.

ವೇದಿಕೆ ಹತ್ತಿ ಅವನ ಪಕ್ಕ ಬಗ್ಗಿದೆ. "ಸಿದ್ದು, ಒಂದ್ ಸಣ್ಣ ಅಡ್ಜಸ್ಟ್‌ಮೆಂಟ್ ಮಾಡ್ಕೋಬೇಕಪಾ. ಅಲ್ಲಿ ಚಾವಡಿಯೊಳಗ ಹಲಗಿ ಐತಿ. ಐದ ನಿಮಿಷ ಎದ್ದ ಬಾ."

ಅವನು ಎದ್ದೇಳಲಿಲ್ಲ. ಕಡ್ಡಿಗಳನ್ನು ತೊಡೆಯ ಮೇಲಿಟ್ಟ. ನನ್ನನ್ನು ನೋಡಿದ. ಅವನ ಕಣ್ಣಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ, ಸಿಟ್ಟಿರಲಿಲ್ಲ.

"ಅಣ್ಣಾರ, ನೀವ ಹೇಳಾಕ ಬಂದ್ರ್ಯಾ?"

ನಾನು ಏನೋ ತೊದಲಿದೆ. ಸೀಡಿ, ಪುಣೆ, ಕ್ಯಾಮರಾ. ಅವನು ನನ್ನನ್ನು ಬಿಟ್ಟು ಕೆಳಗೆ ನಿಂತಿದ್ದ ಈರಣ್ಣನ ಕಡೆ ತಿರುಗಿದ.

"ನೀ ಏನಂತಿಯೋ?"

"ಅಡ್ಜಸ್ಟ್ ಮಾಡ್ಕೊ ದೋಸ್ತ," ಅಂದ ಈರಣ್ಣ. "ಆರ್ಟ್ ಈಸ್ ಆರ್ಟ್."

ಸಿದ್ದು ಜೇಬಿನಿಂದ ಡ್ರಮ್ಮಿನ ಚಾವಿ ತೆಗೆದ. ಒಂದೊಂದೇ ಸ್ಕ್ರೂ ಬಿಚ್ಚತೊಡಗಿದ. ಅವಸರವಿಲ್ಲ. ಕಂಚಿನ ತಾಳದ ತಟ್ಟೆಗಳನ್ನು ಹಳೆಯ ಲುಂಗಿಯಲ್ಲಿ ಸುತ್ತಿದ. ಯಾರೂ ಕೈ ಹಚ್ಚಲಿಲ್ಲ, ಅವನು ಕರೆಯಲೂ ಇಲ್ಲ. ನಾಲ್ಕು ಸಲ ಹತ್ತಿಳಿದು ಎಲ್ಲವನ್ನೂ ರಸ್ತೆಗೆ ಸಾಗಿಸಿದ. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಇಳಿಸಿ ಖಾಲಿ ಬರುತ್ತಿದ್ದ ಟ್ರ್ಯಾಕ್ಟರಿಗೆ ಕೈ ಮಾಡಿದ. ಡ್ರೈವರ್ ಯಾರೋ ಗುರುತಿಲ್ಲದವನು, ಇಳಿದು ಬಂದು ಸೆಟ್ಟು ಏರಿಸಲು ಕೈಜೋಡಿಸಿದ. ನಾವು ಐವರು ನೋಡುತ್ತ ನಿಂತಿದ್ದೆವು.

ಆಮೇಲೇನಾಯಿತು? ಅತಿಥಿಗಳು ಬಂದರು. ಗೌಡರ ಮನೆಯ ಟ್ರ್ಯಾಕ್ಟರಿನ ಟೇಪ್‌ರೆಕಾರ್ಡರಿನಲ್ಲಿ ಭಕ್ತಿಗೀತೆ ಹಚ್ಚಿ, ಅದರ ಹಿಂದೆ ಅವರನ್ನು ನಡೆಸಿಕೊಂಡು ಬಂದರು. ಯಾರಿಗೂ ಏನೂ ಕಮ್ಮಿ ಅನ್ನಿಸಲಿಲ್ಲ. ಅತಿಥಿಗಳು ಕೈ ಮುಗಿದರು, ಜನ ಚಪ್ಪಾಳೆ ತಟ್ಟಿದರು. ಅಂದರೆ ಆ ಹಲಗಿ ಬೇಕೇ ಇರಲಿಲ್ಲ! ಬೇಕಾಗಿದ್ದದ್ದು ಸಪ್ಪಳ ಅಲ್ಲ, ಮುಂದೆ ಬಾರಿಸುತ್ತ ನಡೆಯುವ ಒಬ್ಬ ಮನುಷ್ಯ.

ಜನರೇಟರ್ ಬಂತು. ನಮ್ಮ ವೀರರು ಸಿದ್ದು ಇಲ್ಲದೆಯೇ ವೇದಿಕೆ ಹತ್ತಿದರು! ಆ ಊರಿನ ಆರ್ಕೆಸ್ಟ್ರಾದವರ ಹತ್ತಿರ ಒಂದು ಕ್ಯಾಸಿಯೊ ಕೀಬೋರ್ಡು ಇತ್ತು. ಅದರಲ್ಲಿ ಗುಂಡಿ ಒತ್ತಿದರೆ ತಾಳ ತಾನೇ ಬರುತ್ತದೆ. ಸಮಾಜ ಕೊಳೆತಿದೆ ಎಂದು ಈರಣ್ಣ ಒದರಿದ, ಹಿಂದಿನಿಂದ ಟಿಕಿಟಿಕಿ ಡಿಸ್ಕೊ ತಾಳ. ಜನ ಕುಣಿದರು. ಎರಡು ವರ್ಷದಲ್ಲಿ ಮೊದಲ ಸಲ ಜನ ಕುಣಿದರು.

ನಾನು ಆಗ ಎಲ್ಲಿದ್ದೆ? ಎರಡನೇ ಸಾಲಿನಲ್ಲಿ. ಕೊನೆಯ ತನಕ ಕೂತು ಕೇಳಿದೆ. ಆಮೇಲೆ ಗೌಡರ ಮನೆಯಲ್ಲಿ ಊಟ ಮಾಡಿದೆ.

ಪುಣೆಯಿಂದ ಉತ್ತರ ಬರಲಿಲ್ಲ. ಆದರೆ ಮದುವೆಗಳಿಂದ ಬಂತು. ಕ್ಯಾಸಿಯೊ ಬ್ಯಾಂಡಿಗೆ ಒಂದರ ಹಿಂದೊಂದು ಬುಕಿಂಗು. ಬೀಗರೊಬ್ಬರು, ಮದುವೆ ಪತ್ರಿಕೆಯಲ್ಲಿ ಬೂದಿ ಗೀದಿ ಅಂತ ಹಾಕಿದರೆ ಅಪಶಕುನ ಎಂದು ತಕರಾರು ತೆಗೆದರು. ಅಂದೇ ಮಲಪ್ರಭೆಯ ಬೂದಿ ತೊಳೆದುಹೋಯಿತು. ಬ್ಯಾಂಡು 'ಮಲಪ್ರಭಾ ಮೆಲೋಡೀಸ್' ಆಯಿತು. ಈರಣ್ಣ ಒದರುವುದನ್ನು ಬಿಟ್ಟು ಮೂಗಿನಲ್ಲಿ ಪ್ರೇಮಗೀತೆ ಹಾಡತೊಡಗಿದ. ಸರಪಳಿ ದನಗಳಿಗೆ ವಾಪಸ್ಸು ಹೋದವು. ಅವಕ್ಕಾದರೂ ಉಪಯೋಗವಾಯಿತು.

ಇದಪ್ಪಾ ಕರಿಯರ್ರು! ಈರಣ್ಣಾ, ಹೆಡ್ಡಿಂಗ್ ಸರಿ ಬಂತೇನು?

ನನಗೆ ಮೈ ಉರಿಯುವುದು ಆ ಒಂದು ಶಬ್ದಕ್ಕೆ. ಅಡ್ಜಸ್ಟ್! ಬಸ್ಸಿನಲ್ಲಿ ಮೂರರ ಸೀಟಿಗೆ ನಾಲ್ವರು ಕೂರುವಾಗ ಅಡ್ಜಸ್ಟು. ನಳ ಬರದಿದ್ದರೆ ಅಡ್ಜಸ್ಟು. ಅದೆಲ್ಲ ಇರಲಿ, ಅದರಲ್ಲಿ ಎಲ್ಲರೂ ಸ್ವಲ್ಪ ಸ್ವಲ್ಪ ಸರಿಯುತ್ತೇವೆ. ಆದರೆ ಕೆಲವು ಅಡ್ಜಸ್ಟ್‌ಮೆಂಟು ಯಾವಾಗಲೂ ಒಂದೇ ಮನೆಯ ಬಾಗಿಲಿಗೆ ಹೋಗುತ್ತವೆ. ಗೌಡರು ಅಡ್ಜಸ್ಟ್ ಆಗಲಿಲ್ಲ. ಅತಿಥಿಗಳು ಆಗಲಿಲ್ಲ. ಈರಣ್ಣನ ಕ್ರಾಂತಿಯಂತೂ ಆಗಲೇ ಇಲ್ಲ. ಐದು ನಿಮಿಷ ಅಂತ ಹೇಳುವವರೆಲ್ಲ ಆ ಐದು ನಿಮಿಷವನ್ನು ತಾವೇ ಯಾಕೆ ಕೊಡುವುದಿಲ್ಲ? ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಈರಣ್ಣನ ಪುರಾಣ ಇಂಗ್ಲಿಷಿನಲ್ಲಿತ್ತು, ಅಷ್ಟೇ.

ಸರಿ, ಈಗ ಕಳೆದ ವಾರಕ್ಕೆ ಬನ್ನಿ.

ಈರಣ್ಣ ಹೋದ ಮೇಲೆ ಕುಂದಾದ ಪೊಟ್ಟಣ ಬಿಚ್ಚದೆ ಹಾಗೇ ಇಟ್ಟೆ. ಮಂಗಳವಾರ ಸವದತ್ತಿ ಬಸ್ಸು ಹತ್ತಿದೆ. ಈರಣ್ಣನ ಮಾತು ಹೇಳಲು ಅಲ್ಲ, ಕ್ಷಮೆ ಕೇಳಲು. ಹಾಗಂತ ಬಸ್ಸಿನಲ್ಲಿ ನನಗೆ ನಾನೇ ಹತ್ತು ಸಲ ಹೇಳಿಕೊಂಡೆ.

ಅಂಗಡಿಯ ತುಂಬ ವಾರ್ನಿಶಿನ ವಾಸನೆ. ಸಿದ್ದು ಒಂದು ಮೋಟಾರಿನ ಹೊಟ್ಟೆಯೊಳಗೆ ತಾಮ್ರದ ತಂತಿ ಸುತ್ತುತ್ತಿದ್ದ. ಹಿಂದಿನ ಗೋಡೆಗೆ ಡ್ರಮ್ ಸೆಟ್ಟು, ಮೇಲೆ ಅದೇ ಲುಂಗಿ ಹೊದಿಸಿತ್ತು. ನನ್ನನ್ನು ನೋಡಿ ಸ್ಟೂಲು ಸರಿಸಿದ. "ಕುಂದರ್ರಿ," ಅಂದ. ಅಣ್ಣಾರ ಅನ್ನಲಿಲ್ಲ.

"ಇನ್ನೂ ಬಾರಿಸ್ತೀ ಏನೋ?" ಅಂತ ಕೇಳಿದೆ.

"ಐತವಾರಕ್ಕೊಮ್ಮೆ. ಶಟರ್ ಎಳಕೊಂಡ."

"ಯಲ್ಲಪ್ಪ ಆರಾಮ ಅದಾನೇನು?"

"ಅಪ್ಪಾ ಆರಾಮ ಅದಾರ," ಅಂದ. 'ಅದಾರ' ಅನ್ನುವುದನ್ನು ತುಸು ಒತ್ತಿ. ನನಗೆ ಬುದ್ಧಿ ಬರಲು ಇನ್ನೂ ಎಷ್ಟು ವರ್ಷ ಬೇಕೋ!

ಅವನೇ ಕೇಳಿದ. "ಈ ಸಲ ಯಾರು ಕಳಿಸ್ಯಾರ?"

ಯಾರೂ ಇಲ್ಲ ಅನ್ನಬಹುದಿತ್ತು. ಆದರೆ ಅಂಗಿಯ ಜೇಬಿನಲ್ಲಿ ಈರಣ್ಣ ತುರುಕಿದ್ದ ಪ್ರಚಾರದ ಪಾಂಪ್ಲೆಟ್ಟು ಇತ್ತು, ಅದನ್ನು ಮನೆಯಲ್ಲಿ ತೆಗೆದಿಟ್ಟೂ ಬಂದಿರಲಿಲ್ಲ. ಯಾಕೆ ತೆಗೆದಿಡಲಿಲ್ಲ? ಇವನು ನಕ್ಕು ಮಾತಾಡಿಸಿದ್ದರೆ ಅದನ್ನೂ ಮೆಲ್ಲಗೆ ಮುಂದೆ ಚಾಚುತ್ತಿದ್ದೆನೇ? ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದೇ ನಾಚಿಕೆಗೇಡು.

ಈರಣ್ಣ ಬಂದದ್ದು, ಹೇಳಿದ್ದು ಎಲ್ಲ ಹೇಳಿದೆ. ಸಿದ್ದು ತಂತಿ ಸುತ್ತುತ್ತಲೇ ಇದ್ದ.

"ಅದಕ್ಕ ಬಂದಿಲ್ಲ ನಾ," ಅಂದೆ. "ಅವತ್ತ ನಾ ಮಾಡಿದ್ದು ತಪ್ಪಾತು ಸಿದ್ದು. ನಾ ಬರಬಾರದಿತ್ತು ಹೇಳಾಕ."

ಅವನು ತಂತಿ ಕತ್ತರಿಸಿ, ತುದಿಯನ್ನು ಮಡಚಿ, ಕೈ ಒರೆಸಿಕೊಂಡ. "ನೀವು ಬರದಿದ್ರ ಏನಾಗತಿತ್ತು?"

"ಏನೂ ಆಗತಿರಲಿಲ್ಲ. ಗೌಡ್ರು ಇನ್ನೊಬ್ಬರನ್ನ ಕಳಸತಿದ್ರು."

"ಕಳಸತಿದ್ರಲ್ಲ," ಅಂದ ಸಿದ್ದು. "ನೀವಲ್ಲ, ಇನ್ನೊಬ್ರು ಬರತಿದ್ರು. ನನಗ ಅಷ್ಟ ಸಾಕಾಗಿತ್ತು."

ಇನ್ನೊಂದು ಮೋಟಾರನ್ನು ಹತ್ತಿರ ಎಳೆದುಕೊಂಡ. ಮಾತು ಮುಗಿದಿತ್ತು. ಚಹಾ ತರಿಸಿದ, ಕುಡಿದೆ, ಎದ್ದು ಬಂದೆ. ಕ್ಷಮಿಸಿದೆ ಅನ್ನಲಿಲ್ಲ. ಯಾಕೆ ಅನ್ನಬೇಕು?

ಪಾಂಪ್ಲೆಟ್ಟನ್ನು ಈರಣ್ಣನ ಕೈಗೇ ವಾಪಸ್ಸು ಕೊಟ್ಟಿದ್ದೇನೆ, ಕೆಲಸ ಆಗಲಿಲ್ಲ ಅಂತಲ್ಲ, ನಾನು ಹೇಳುವುದಿಲ್ಲ ಅಂತ. "ಹೋಗ್ಲಿ ಬಿಡ್ರಿ ಅಣ್ಣಾರ, ಬ್ಯಾರೆ ಯಾರರೆ ಹೇಳ್ತಾರ," ಅಂದ ಅವನು ನಗುತ್ತ. ಹೇಳುವವರು ಸಿಕ್ಕೇ ಸಿಗುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಗೌಡರಿಗೆ ಅಂಥವರ ಬರ ಎಂದೂ ಬಿದ್ದಿಲ್ಲ, ಈರಣ್ಣನಿಗೂ ಬೀಳುವುದಿಲ್ಲ.

ನಾನು ಹೋಗದಿದ್ದರೆ ಇನ್ನೊಬ್ಬ ಹೇಗೂ ಹೋಗುತ್ತಾನಲ್ಲ ಎಂದುಕೊಂಡು, ನೀವು ಎಷ್ಟು ಸಲ ಹೋಗಿ ಬಂದಿದ್ದೀರಿ?